ಕೈ ತೊಳೆಸಿದ ಅಕ್ಕಿ

ಮಂಕಿಯ ಹೆರಿಗೆ ಕೇಂದ್ರದ ನರ್ಸ್ ವನಮಾಲಾಬಾಯಿಗೆ ಸಂಬಳ ಎಷ್ಟು ಎಂಬುದು ಊರಿಗೆಲ್ಲ ಗೊತ್ತಿತ್ತು. ಅವಳೇ ಹೇಳಿದ್ದಳು, ಕೇಳಿದವರಿಗೆ ಮುಚ್ಚಿಡುವ ಸ್ವಭಾವ ಅವಳದಲ್ಲ. ಮೂಲ ಸಂಬಳ ಎಂಬತ್ತೈದು. ಅದರ ಮೇಲೆ ತುಟ್ಟಿಭತ್ತೆ, ಬಿಳಿ ಸೀರೆ ಒಗೆಸಲು ಧೋಬಿ ಭತ್ತೆ ಎರಡು ರೂಪಾಯಿ, ಐದು ಮೈಲಿಯಾಚೆ ಹೋದರೆ ತಿರುಗಾಟದ ಭತ್ತೆ. ಐದು ಮೈಲಿಯೊಳಗೆ ಎಷ್ಟು ನಡೆದರೂ ಕಾಲು ಅವಳದೇ, ಚಪ್ಪಲಿಯೂ ಅವಳದೇ.

ಎಪ್ಪತ್ತು ರೂಪಾಯಿಗೆ ಸೇರಿದವಳು. ವರ್ಷಕ್ಕೆ ಮೂರು ರೂಪಾಯಿಯಂತೆ ಏರುತ್ತ ಬಂದು ಎಂಬತ್ತೈದಕ್ಕೆ ನಿಂತಿತ್ತು. ಅಲ್ಲಿ ಒಂದು ತಡೆ. ಮೇಲಿನ ಡಾಕ್ಟರು ‘ಇವಳ ಕೆಲಸ, ನಡತೆ ಎರಡೂ ಸರಿಯಿವೆ’ ಎಂದು ಬರೆದು ಕೊಟ್ಟರೆ ಮುಂದೆ ವರ್ಷಕ್ಕೆ ನಾಲ್ಕು ರೂಪಾಯಿಯಂತೆ ನೂರಿಪ್ಪತ್ತೈದರವರೆಗೆ ಏರುತ್ತದೆ. ಬರೆಯದಿದ್ದರೆ ಎಂಬತ್ತೈದರಲ್ಲೇ ತಲೆ ಹಣ್ಣಾಗಬೇಕು. ಗಂಡ ತೀರಿಹೋಗಿ ಒಂಬತ್ತು ವರ್ಷ. ಮಗಳನ್ನು ಕುಮಟೆಯಲ್ಲಿ ಅಕ್ಕನ ಮನೆಯಲ್ಲಿಟ್ಟು ಹೈಸ್ಕೂಲು ಓದಿಸುತ್ತಿದ್ದಳು. ಹುಡುಗಿ ಮುಂದೆ ಓದುವುದೋ ಬಿಡುವುದೋ ಎಂಬುದು ಈ ತಡೆ ದಾಟುವುದರ ಮೇಲೆ ನಿಂತಿತ್ತು.

ನೌಕರಿಯ ನಿಯಮ ಇನ್ನೊಂದಿತ್ತು. ಹೆರಿಗೆ ಮಾಡಿಸಿದ ಮನೆಯಿಂದ ಒಂದು ಕಾಸು, ಒಂದು ಕಾಳು ಮುಟ್ಟಬಾರದು. ವನಮಾಲಾಬಾಯಿಗೆ ಅದು ಹೊರೆ ಎನಿಸಿರಲಿಲ್ಲ, ಹೆಮ್ಮೆಯೇ ಇತ್ತು. ಸೂಲಗಿತ್ತಿ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಹೋಗುವವಳು. ತಾನು ರುಜು ಹಾಕಿ ಸಂಬಳ ತರುವವಳು. ಎರಡು ವರ್ಷದ ಹಿಂದೆ, ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಕಡಲ ದಂಡೆಯ ಕೇರಿಯ ದುರ್ಗಿಯ ಮನೆಯಲ್ಲಿ ಈ ಹೆಮ್ಮೆಯೇ ಬಾಯಿ ಬಿಟ್ಟಿತು.

ದುರ್ಗಿಯ ಹಿರಿಮಗ ಮಂಜನ ಹೆಂಡತಿಗೆ ಅದು ಚೊಚ್ಚಲ ಹೆರಿಗೆ, ಮಾಡಿಸಿದ್ದು ವನಮಾಲಾಬಾಯಿ. ಗಂಡು. ಹತ್ತನೆಯ ದಿನ ದುರ್ಗಿ ಹೊಸಿಲಾಚೆ ಮಣೆ ಹಾಕಿ, ತಂಬಿಗೆಯಲ್ಲಿ ನೀರು ಹಿಡಿದು ಕಾಯುತ್ತಿದ್ದಳು. ಆ ಕೇರಿಯಲ್ಲಿ ಹಾಗೇ ನಡೆದು ಬಂದಿತ್ತು. ಮಗುವನ್ನು ಹಿಡಿದ ಕೈಗೆ ಮನೆಯವರು ನೀರು ಹೊಯ್ದು ತೊಳೆಸಿ, ಅಕ್ಕಿ ಕಾಯಿ ಕೊಡಬೇಕು. ಅಲ್ಲಿಯವರೆಗೆ ಬಾಣಂತಿ ಒಲೆಯ ಹತ್ತಿರ ಹೋಗುವಂತಿಲ್ಲ, ಮಗುವಿನ ಋಣ ತೀರಿದಂತಲ್ಲ.

“ನನಗೆ ಸಂಬಳ ಬರ್ತದೆ ದುರ್ಗಿ. ಇದೆಲ್ಲ ಬೇಡ,” ಎಂದಳು ವನಮಾಲಾಬಾಯಿ.

“ತಿಂಗ್ಳು ತಿಂಗ್ಳೂ ಕೊಡ್ತ್ರಾ ನಿಮ್ಗೆ?”

“ಕೊಡ್ತಾರೆ.”

“ಯಾರೂ ಹೆರದಿದ್ರೂ?”

“ಹೆರದಿದ್ರೂ.”

ದುರ್ಗಿ ನಕ್ಕಳು. “ಚಲೋ ಆತು! ಹಂಗಾರೆ ನಮ್ಮನೆ ಹೆರ್ಗೆಗೆ ಕೊಟ್ಟದ್ದು ಸರ್ಕಾರ. ಶಿಶೂನೂ ಸರ್ಕಾರದ್ದೇ ಆತಲ್ಲ? ನಾಳೆ ಜೀಪ್ ತಂದು ಹೊತ್ಕಂಡ್ ಹೋಗ್ತ್ರಾ?”

ಸುತ್ತ ನಿಂತ ಹೆಂಗಸರು ಬಾಯಿಗೆ ಸೆರಗು ಹಿಡಿದರು. ವನಮಾಲಾಬಾಯಿಗೆ ಸಿಟ್ಟು ನೆತ್ತಿಗೇರಿತು. “ನಿಮ್ಮ ಅಕ್ಕಿ ತಿಂದು ಬದುಕೋ ಗತಿ ನನಗಿನ್ನೂ ಬಂದಿಲ್ಲ,” ಎಂದು ಎದ್ದು ಬಂದಳು. ಮರುದಿನ ಬೆಳಿಗ್ಗೆ ಕೇಂದ್ರದ ಬಾಗಿಲಲ್ಲಿ ಅಕ್ಕಿಯ ಗಂಟು, ಒಂದು ತೆಂಗಿನಕಾಯಿ ಇದ್ದವು. ಅವಳೇ ಹೊತ್ತುಕೊಂಡು ಹೋಗಿ, ಮಾತಾಡದೆ ದುರ್ಗಿಯ ಅಂಗಳದಲ್ಲಿಟ್ಟು ತಿರುಗಿ ಬಂದಳು. ಆ ಮಾತಿಗಿಂತ ಈ ಮೌನ ಕೆಟ್ಟದಾಯಿತು ಎಂಬುದು ಅವಳಿಗೆ ಆಗ ತಿಳಿಯಲಿಲ್ಲ.

ಮುಂದಿನ ವರ್ಷ ಮಂಜನ ಹೆಂಡತಿ ಮತ್ತೆ ಬಸುರಾದಳು. ಕೇಂದ್ರಕ್ಕೆ ಬರಲಿಲ್ಲ. ನೋವು ಕಾಣಿಸಿಕೊಂಡು ಎರಡು ದಿನ ಕಳೆದರೂ ಕರೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ದುರ್ಗಿಯ ಕಿರಿಮಗ ಮಾಸ್ತಿ ಓಡುತ್ತ ಬಂದ. ವನಮಾಲಾಬಾಯಿ ಹೋಗಿ ನೋಡಿದರೆ ಮಗು ಅಡ್ಡಲಾಗಿತ್ತು, ಒಂದು ಕೈ ಹೊರಗೆ ಬಂದು ನೀಲಿಗಟ್ಟಿತ್ತು. ಅವಳ ಪೆಟ್ಟಿಗೆಯಲ್ಲಿ ಅದಕ್ಕೆ ಮದ್ದಿರಲಿಲ್ಲ, ಅವಳ ಕಲಿಕೆಯಲ್ಲೂ ಇರಲಿಲ್ಲ. ಗಾಡಿ ಕಟ್ಟಿಸಿ ಹೊನ್ನಾವರದ ದಾರಿ ಹಿಡಿದರು. ಕಾಸರಕೋಡದಲ್ಲಿ ಶರಾವತಿ ದಾಟಿಸುವ ದೋಣಿ ಆಚೆ ದಡದಲ್ಲಿತ್ತು. ಅದು ಈಚೆಗೆ ಬರುವಷ್ಟರಲ್ಲಿ, ಮೀನು ಒಣಹಾಕಿದ ಚಾಪೆಗಳ ನಡುವೆ, ಗಾಡಿಯಲ್ಲೇ ಅವಳ ಜೀವ ಹೋಯಿತು.

ಮಂಜ ಎತ್ತಿನ ಹಗ್ಗ ಹಿಡಿದುಕೊಂಡೇ ಇದ್ದ. ವನಮಾಲಾಬಾಯಿ ದುರ್ಗಿಯ ತೋಳು ಹಿಡಿದು ಅಲುಗಾಡಿಸಿದಳು. “ಮೂರು ದಿನ! ಮೂರು ದಿನ ನನ್ನನ್ನ ಯಾಕೆ ಕರೀಲಿಲ್ಲ? ಅಷ್ಟು ಸಿಟ್ಟಾ ನನ್ನ ಮೇಲೆ?”

“ಸಿಟ್ಟಲ್ಲ ನರ್ಸ್‌ಬಾಯಿ,” ಎಂದಳು ದುರ್ಗಿ. ಅವಳ ಕಣ್ಣಲ್ಲಿ ನೀರಿರಲಿಲ್ಲ. “ಮೊದಲ್ನೇದ್ರ ಕೈಯೇ ತೊಳೆಸ್ಲಿಲ್ಲ ನಾವು. ಯಾವ ಮೋರೆ ಇಟ್ಕಂಡು ಎರಡ್ನೇದ್ದಕ್ಕೆ ಕರೀಲಿ? ಪುಕ್ಕಟೆ ಕರ್ದ್ರು ಅಂತ ನಾಳೆ ಕೇರಿ ಹೇಳ್ತಿತ್ತು.”

ಸಿಟ್ಟೆಂದಿದ್ದರೆ ಜಗಳಾಡಬಹುದಿತ್ತು. ನಾಚಿಕೆಗೆ ಏನು ಹೇಳುವುದು? ವನಮಾಲಾಬಾಯಿ ಎರಡು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ. ನಿಯಮ ತನ್ನದಲ್ಲ, ನಿಜ. ಆದರೆ ಅಕ್ಕಿಯ ಗಂಟನ್ನು ಅಂಗಳದಲ್ಲಿಟ್ಟು ಬಂದ ಕೈ ತನ್ನದೇ.

ಅರವತ್ತಮೂರರ ಚೈತ್ರದಲ್ಲಿ ಮಾಸ್ತಿಯ ಹೆಂಡತಿ ಗಣಪಿಗೆ ದಿನ ತುಂಬಿದಾಗ ಅವಳು ಕರೆಯಲು ಕಾಯಲಿಲ್ಲ, ತಾನೇ ಹೋದಳು. ಹೆಣ್ಣು ಮಗು ಸುಖವಾಗಿ ಹುಟ್ಟಿತು. ಹತ್ತನೆಯ ದಿನ ಕೇರಿಯ ಹೆಂಗಸರೆಲ್ಲ ನೋಡುತ್ತಿರುವಾಗ ಮಣೆಯ ಮೇಲೆ ಕೂತು ಎರಡೂ ಕೈ ಚಾಚಿದಳು. ದುರ್ಗಿ ನೀರು ಹೊಯ್ದಳು. ಎರಡು ಸೇರು ಅಕ್ಕಿ, ಒಂದು ಕಾಯಿ, ಒಂದು ರವಿಕೆ ಕಣ ಉಡಿಗೆ ಬಿತ್ತು. ಗಣಪಿ ಎದ್ದು ಒಲೆಯ ಹತ್ತಿರ ಹೋದಳು.

ಒಂದು ತಿಂಗಳಿಗೆ ಅರ್ಜಿ ಹೋಯಿತು, ಹೆಸರಿಲ್ಲದ ಅರ್ಜಿ. ನರ್ಸು ಬಡವರನ್ನು ಸುಲಿಯುತ್ತಾಳೆ ಎಂದು. ಹಿಂದೊಮ್ಮೆ ಹೆರಿಗೆಯಾದ ಮೇಲೆ ಕೊಟ್ಟ ಸೀರೆಯನ್ನು ತಾನು ತಿರುಗಿ ಕಳಿಸಿದ್ದ ದೊಡ್ಡ ಮನೆಯವರೇ ಬರೆಸಿರಬೇಕು ಎಂದು ವನಮಾಲಾಬಾಯಿಗೆ ಅನ್ನಿಸಿತು. ನಮ್ಮ ಕೈಯಿಂದ ಬೇಡ, ಅವರ ಕೈಯಿಂದ ಬೇಕೋ ಎಂದು ಅವರಿಗೂ ಉರಿದಿರಬಹುದು.

ತಡೆಯ ಕಾಗದ ಡಾಕ್ಟರ ಮೇಜಿನ ಮೇಲಿದ್ದಾಗಲೇ ಅರ್ಜಿಯೂ ಅಲ್ಲಿಗೆ ಬಿತ್ತು. ವಿಚಾರಣೆಗೆ ಡಾಕ್ಟರು ತಾವೇ ಬಂದರು, ಮೈಸೂರು ಕಡೆಯ ಶಿಸ್ತಿನ ಮನುಷ್ಯ. ಜೊತೆಗೆ ಹೆಡ್ ಗುಮಾಸ್ತ ಅನಂತಮೂರ್ತಿ. ಅನಂತಮೂರ್ತಿಗೆ ವನಮಾಲಾಬಾಯಿಯ ಮೇಲೆ ಮರುಕವಿತ್ತು. ಹಿಂದಿನ ದಿನವೇ ಬಂದು ಮಾಸ್ತಿಗೆ ಪಾಠ ಹೇಳಿಕೊಟ್ಟಿದ್ದ: “ಎಂತೂ ಕೊಡ್ಲಿಲ್ಲ ಅಂತ ಒಂದು ಮಾತು ಹೇಳು ಸಾಕು. ನಾನು ಬರ್ಕಂತೆ, ನೀನು ಹೆಬ್ಬೆಟ್ಟು ಒತ್ತು. ನಿಮ್ಮ ನರ್ಸ್‌ಬಾಯಿ ಬಚಾವ್.” ಮಾಸ್ತಿ ತಲೆಯಾಡಿಸಿದ್ದ.

ಕೇಂದ್ರದ ಜಗಲಿಯಲ್ಲಿ ಮೇಜು ಹಾಕಿದರು. ಕೇರಿಯ ಹೆಂಗಸರು ಅಂಗಳದಲ್ಲಿ ಕೂತರು.

“ಏನಪ್ಪ, ಈ ನರ್ಸ್‌ಗೆ ಏನಾದ್ರೂ ಕೊಟ್ಟಿದ್ದೀಯಾ?” ಎಂದು ಡಾಕ್ಟರು ಕೇಳಿದರು.

ಮಾಸ್ತಿ ನೆಲ ನೋಡುತ್ತ, “ಎಂತೂ ಕೊಡ್ಲಿಲ್ಲ ಒಡ್ಯಾ,” ಎಂದ.

ಅಂಗಳದಲ್ಲಿ ಗುಸುಗುಸು ಎದ್ದಿತು. “ಕೊಡ್ಲಿಲ್ಲಂತೆ! ಮತ್ತೆ ಗಣಪಿ ಒಲೆ ಮುಟ್ಟಿದ್ದು ಹೆಂಗೆ?” ಎಂದು ಯಾವಳೋ ಅಂದಳು.

ದುರ್ಗಿ ಎದ್ದು ನಿಂತಳು. “ಥೂ, ನಿನ್ನ ನಾಲ್ಗೆ ಸೇದಿಹೋಗ! ಕೊಡ್ಲಿಲ್ಲ ಅಂತ ಹೇಳ್ತ್ಯಲ, ನಿನ್ನ ಮಗಳು ಬೀದೀಲಿ ಸಿಕ್ಕಿದ್ದನ? ಒಡ್ಯಾ, ಇಂವ ಸುಳ್ಳ. ನಾವು ಕೈ ತೊಳೆಸದೆ ಬಿಡೋ ಮನೆತನದೋರಲ್ಲ. ಕೊಟ್ಟದ್ದೆ ನಾನು! ಒಂದು ಕೊಳಗ ಅಕ್ಕಿ, ಐದು ಕಾಯಿ, ಕೆಂಪು ಅಂಚಿನ ಸೀರೆ. ಬರ್ಕಣಿ, ಸೀರೆ! ಕಣ ಅಲ್ಲ!”

ಅನಂತಮೂರ್ತಿಯ ಪೆನ್ನು ಗಾಳಿಯಲ್ಲಿ ನಿಂತಿತು. ಡಾಕ್ಟರು ವನಮಾಲಾಬಾಯಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಕೋಪಕ್ಕಿಂತ ಬೇಸರವೇ ಹೆಚ್ಚಿತ್ತು. “ಮುದುಕಿ ಏನೇನೋ ಹೇಳ್ತಾಳೆ. ಮಗ ಇಲ್ಲ ಅಂತಾನೆ. ನೀವು ಹೇಳಿ. ನಿಮ್ಮ ಮಾತು ನಾನು ನಂಬ್ತೀನಿ.”

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಡಾಕ್ಟರ ಬೆನ್ನ ಹಿಂದಿನಿಂದ ಅನಂತಮೂರ್ತಿ ‘ಇಲ್ಲ’ ಎಂದು ತಲೆ ಅಲ್ಲಾಡಿಸುತ್ತಿದ್ದ. ವನಮಾಲಾಬಾಯಿ ಅಂಗಳ ನೋಡಿದಳು. ಹನ್ನೆರಡು ಹದಿಮೂರು ಹೆಂಗಸರು. ಅವರಲ್ಲಿ ನಾಲ್ವರು ಬಸುರಿಯರು. ಎಲ್ಲರ ಕಣ್ಣೂ ಅವಳ ಬಾಯಿಯ ಮೇಲೆ. ಇಲ್ಲ ಎಂದರೆ ಗಣಪಿ ಇಷ್ಟು ದಿನ ಮೈಲಿಗೆಯ ಕೈಯಲ್ಲಿ ಬೇಯಿಸಿದ ಹಾಗೆ. ಇಲ್ಲ ಎಂದರೆ ದುರ್ಗಿಯ ಮನೆ ಎರಡು ಸಲ ಕೈ ತೊಳೆಸದ ಮನೆ. ಆಮೇಲೆ ಯಾವ ಮನೆಯವರು ಯಾವ ಮೋರೆ ಇಟ್ಟುಕೊಂಡು ಕರೆಯುತ್ತಾರೆ? ಮಗಳ ನೆನಪೂ ಬಂತು. ಅಕ್ಕ ಬರೆದ ಕಾಗದದಲ್ಲಿ ಲೆಕ್ಕದಲ್ಲಿ ಮೊದಲಿಗಳು ಎಂದಿತ್ತು.

“ತೆಗೆದುಕೊಂಡಿದ್ದೇನೆ ಸಾಹೇಬರೆ,” ಎಂದಳು. “ದುರ್ಗಿ ಹೇಳಿದ್ದು ಸರಿ.”

“ಸೀರೆನೂ?”

ರವಿಕೆ ಕಣ ಇನ್ನೂ ಟ್ರಂಕಿನಲ್ಲಿತ್ತು. ದುರ್ಗಿ ಎದೆ ಸೆಟೆಸಿ ನಿಂತಿದ್ದಳು.

“ಸೀರೆನೂ.”

ಡಾಕ್ಟರು ಬಹಳ ಹೊತ್ತು ಬರೆದರು. ತಡೆ ದಾಟಲು ಯೋಗ್ಯಳಲ್ಲ, ಎರಡು ವರ್ಷದ ನಂತರ ಮತ್ತೆ ಪರಿಶೀಲಿಸುವುದು. ಪಡೆದ ವಸ್ತುಗಳ ಬೆಲೆ ಹತ್ತೊಂಬತ್ತು ರೂಪಾಯಿ ಸಂಬಳದಿಂದ ಮುರಿದುಕೊಳ್ಳುವುದು. ವನಮಾಲಾಬಾಯಿ ಓದಿ ರುಜು ಹಾಕಿದಳು. ಎಂದೂ ಕೈಗೆ ಬಾರದ ಸೀರೆಗೆ ಹನ್ನೊಂದು ರೂಪಾಯಿ ಹಿಡಿದಿದ್ದರು.

ಡಾಕ್ಟರು ಜೀಪು ಹತ್ತಿದ ಮೇಲೆ ಅನಂತಮೂರ್ತಿ ಹಿಂದೆ ಉಳಿದ. “ಎಂತ ಬಾಯಿ ನೀವು! ಒಂದು ‘ಇಲ್ಲ’ ಹೇಳೂಕೆ ಬರ್ಲಿಲ್ವ? ಅವರು ಬಾಗಿಲು ತೆಗೆದು ಹಿಡಿದಿದ್ರು.”

“ಬಾಯಿಗೆ ಬಂದಿತ್ತು ಅನಂತಮೂರ್ತಿಯವರೆ,” ಎಂದಳು. ಅವನು ಛತ್ರಿ ಬಗಲಿಗಿಟ್ಟು ಹೊರಟುಹೋದ.

ದುರ್ಗಿ ಮೆಟ್ಟಿಲ ಹತ್ತಿರ ಬಂದಳು. ಮುಖ ಅರಳಿತ್ತು. “ನಾ ಎದ್ದು ಹೇಳದಿದ್ರೆ ಆ ಬೆಪ್ಪ ನಮ್ಮಿಬ್ರ ಮಾನವೂ ಕಳೀತಿದ್ದ. ಸೀರೆ ಮಾತ್ರ ಬಾಕಿ ಉಳೀತು ನೋಡಿ. ಮಳೆಗಾಲ ಮುಗಿಯೂ ಹೊತ್ತಿಗೆ ಕೊಟ್ಟೇ ಬಿಡ್ತೆ.”

“ಬೇಡ,” ಎನ್ನಲು ಹೋಗಿ ವನಮಾಲಾಬಾಯಿ ತಡೆದುಕೊಂಡಳು. “ಆತು,” ಎಂದಳು.

ಅಂಗಳ ಖಾಲಿಯಾಯಿತು. ಒಬ್ಬಳು ಮಾತ್ರ ಹೋಗಲಿಲ್ಲ. ಹಿಂದೆಂದೂ ಕೇಂದ್ರದ ಮೆಟ್ಟಿಲು ಹತ್ತಿದವಳಲ್ಲ. ದಾಸ ಎಂಬ ಬಲೆಗಾರನ ಹೆಂಡತಿ, ಏಳು ತಿಂಗಳಿರಬಹುದು. ತೆಂಗಿನ ಬುಡಕ್ಕೆ ಒರಗಿ ನಿಂತು, “ನಮ್ಮನೇಲಿ ಸೀರೆ ಕೊಡೂಕೆ ಆಗೂದಿಲ್ಲ ನರ್ಸ್‌ಬಾಯಿ. ಒಂದು ಸೇರು ಅಕ್ಕಿ ಸಾಕಾಗ್ತದ?” ಎಂದು ಕೇಳಿದಳು.

“ಒಂದು ಮುಷ್ಟಿಯೂ ಸಾಕು. ಒಳಗೆ ಬಾ, ಕೂತ್ಕೋ,” ಎಂದು ವನಮಾಲಾಬಾಯಿ ಬೆಂಚು ತೋರಿಸಿದಳು. “ಕಾಲು ಚಾಚು.”

ಹೆಂಗಸು ಸೀರೆ ಎತ್ತಿ ಕಾಲು ಚಾಚಿದಳು. ವನಮಾಲಾಬಾಯಿ ಮೊಣಕಾಲೂರಿ ಕೂತು, ಪಾದದ ಹರಡಿನ ಮೇಲೆ ಹೆಬ್ಬೆರಳು ಇಟ್ಟು ಬಲವಾಗಿ ಒತ್ತಿ ಬಿಟ್ಟಳು. ಒತ್ತಿದಲ್ಲಿ ಬಿದ್ದ ಕುಳಿ ಹಾಗೇ ಉಳಿಯಿತು.

“ತಲೆನೋವು ಬರ್ತದಾ?”

“ಬತ್ತದೆ. ಯಾರಿಗೂ ಹೇಳ್ಲಿಲ್ಲ.”

“ಕಾಲಲ್ಲಿ ನೀರು ತುಂಬಿದೆ, ಹೀಗೇ ಬಿಟ್ರೆ ಜೀವಕ್ಕೆ ಅಪಾಯ. ಉಪ್ಪು, ಒಣಮೀನು ಇವತ್ತಿಂದ ಬಂದ್. ನಾಳೆ ಬೆಳಿಗ್ಗೆ ದಾಸನ್ನ ಕರ್ಕೊಂಡು ಬಾ. ಹೊನ್ನಾವರಕ್ಕೆ ನಾನೂ ಬರ್ತೇನೆ,” ಎಂದು ವನಮಾಲಾಬಾಯಿ ಎದ್ದು ಪುಸ್ತಕ ತೆಗೆದು ಅವಳ ಹೆಸರು ಕೇಳಿದಳು.