ನೆರಳುಮನೆಗೊಂದು ಲೈನಿಂಗ್

ಪರ್ರನೆ ಸದ್ದಾಯಿತು. ಅಕ್ಕ ಚಹದ ಲೋಟವನ್ನು ಅಲ್ಲೇ ಕುಕ್ಕಿ ಹಿತ್ತಿಲಿಗೆ ಓಡಿದಳು. ಆರ್ಕಿಡ್ ಗಿಡಗಳ ನೆರಳುಮನೆಗೆ ನಿನ್ನೆ ಸಂಜೆಯಷ್ಟೇ ಹೊದಿಸಿದ್ದ ಪ್ಲಾಸ್ಟಿಕ್ ಹೊದಿಕೆ ಹೊಲಿಗೆಯ ಉದ್ದಕ್ಕೂ ಹರಿದು, ಅರ್ಧ ಕಂಬಕ್ಕೆ ಸುತ್ತಿಕೊಂಡಿತ್ತು, ಇನ್ನರ್ಧ ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ದಾರ ಮಾತ್ರ ಗಟ್ಟಿಯಾಗಿಯೇ ಇತ್ತು. ಸೂಜಿ ಚುಚ್ಚಿದ ತೂತುಗಳ ಸಾಲಿನಲ್ಲೇ ಪ್ಲಾಸ್ಟಿಕ್ಕು ನೀಟಾಗಿ ಹರಿದುಹೋಗಿತ್ತು.

ಬೇರೆ ಯಾರೇ ಆಗಿದ್ದರೂ ಪ್ಲಾಸ್ಟಿಕ್ಕನ್ನು ಹೊಲಿಯಲು ಹೋಗುತ್ತಿರಲಿಲ್ಲ. ನಲವತ್ತು ವರ್ಷ ಕೋಟು ಹೊಲಿದವಳಿಗೆ ಎರಡು ತುಂಡು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುತ್ತದೆಯೇ? ಹೊಲಿದದ್ದೂ ಅಲ್ಲದೆ, ಬಾಳಿಕೆ ಬರಲಿ ಎಂದು ಒತ್ತೊತ್ತಾಗಿ ಎರಡೆರಡು ಸಲ ಹೊಲಿದಿದ್ದಳು.

ಹಿಂಬಾಗಿಲಲ್ಲಿ ನಿಂತ ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಏನಕ್ಕಾ, ಗಿಡಕ್ಕೆ ಹೊಲಿದ ಅಂಗಿ ಬಿಗಿ ಆಯ್ತಾ? ಅಳತೆ ತಪ್ಪಿದೆ ನೋಡು."

"ನಗು, ನಗು. ಹಲ್ಲಿರೋವರೆಗೂ ನಗು."

"ಮಾತು ನೆನಪಿದೆ ತಾನೆ? ಈ ಚಳೀಲೂ ಗಿಡ ಸತ್ರೆ ಕಂಬ ಕಿತ್ತು ನನ್ನ ಕಾರಿಗೆ ಶೆಡ್."

ನೆನಪಿಲ್ಲದೆ ಏನು? ಪಂಥ ಕಟ್ಟಿದವಳು ಅವಳೇ. ಹೋದ ವರ್ಷ ಕಂಬದ ಮೇಲೆ ಬರೀ ಹಸಿರು ಬಲೆ ಇತ್ತು. ಬಿಸಿಲನ್ನೇನೋ ಅದು ತಡೆಯಿತು, ಈ ಬೆಟ್ಟದೂರಿನ ಚಳಿಯನ್ನು ತಡೆಯಲಿಲ್ಲ. ಹನ್ನೆರಡರಲ್ಲಿ ಹನ್ನೊಂದು ಗಿಡ ಕೊಳೆತುಹೋದವು. ಅಡುಗೆಮನೆಯ ಗೋಡೆಗೆ ತಾಗಿ ನೇತಾಡುತ್ತಿದ್ದ ಒಂದೇ ಒಂದು ಉಳಿಯಿತು. ಈಗ ಅದರ ಪಕ್ಕದಲ್ಲಿ ಮೂರು ಮರಿಗಳಿವೆ.

ಆ ಗಿಡ ಕೊಟ್ಟವನು ಅವಳು ಕೆಲಸಕ್ಕಿದ್ದ ಕೋಟಿನಂಗಡಿಯ ಯಜಮಾನ. "ಕಣ್ಣು ಮಂಜಾಗಿದೆಯಮ್ಮ, ಇನ್ನು ವಿಶ್ರಾಂತಿ ತಗೊಳ್ಳಿ" ಎಂದು ಕುಂಡವನ್ನು ಕೈಗಿಟ್ಟು ಕಳಿಸಿದ್ದ. ವಿಶ್ರಾಂತಿಯಂತೆ ವಿಶ್ರಾಂತಿ! ಆ ಮಾತು ಇವತ್ತಿಗೂ ಅವಳ ಮೈ ಉರಿಸುತ್ತದೆ.

"ಅಕ್ಕಾ, ಗಿಡಗಳನ್ನ ನಿಮ್ಮ ರೂಮಲ್ಲೇ ಇಟ್ಕೊಳ್ಳಿ. ಯಾಕೆ ಈ ಹಠ?" ಎಂದಳು ತಮ್ಮನ ಹೆಂಡತಿ, ಹರಿದ ಪ್ಲಾಸ್ಟಿಕ್ಕನ್ನು ಕಾಂಪೌಂಡಿನಿಂದ ಎಳೆದು ಕೊಡುತ್ತ.

"ಕತ್ತಲೇಲಿ ಬಿದ್ದಿರೋಕೆ ಅವೇನು ಆಲೂಗಡ್ಡೆನಾ? ನನ್ನ ಕೈಲಿ ಏನೂ ಆಗಲ್ಲ ಅಂತ ಮೊದಲು ಅಂಗಡಿಯವ್ರು ಅಂದ್ರು. ಈಗ ನೀವೂ ಶುರು ಮಾಡಿದ್ರಿ. ಆಗುತ್ತೆ. ನೋಡ್ತಿರಿ."

ಹಾಗೆಂದು ರೂಮಿಗೆ ಬಂದವಳಿಗೆ ನಿಜಕ್ಕೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅಳು ಬಂತು, ಅದರ ಮೇಲೆ ಸಿಟ್ಟೂ ಬಂತು. ಗೂಟಕ್ಕೆ ನೇತುಹಾಕಿದ್ದ ತನ್ನ ಹಳೆಯ ಕೋಟಿನ ತೋಳಿಗೇ ಮೂಗು ಒರೆಸಿಕೊಂಡಳು. ಕೋಟಿನ ಮಗ್ಗುಲು ಮಗುಚಿಕೊಂಡು, ಒಳಗಿನ ಲೈನಿಂಗ್ ಬಟ್ಟೆ ಜೋತುಬಿತ್ತು. ಅದರ ಅಂಚು ಮಾತ್ರ ಹೊರಬಟ್ಟೆಗೆ ಅಂಟಿತ್ತು, ನಡುವೆಲ್ಲ ಸಡಿಲ. ಮೈ ಬೆಚ್ಚಗಿಡುವುದು ಆ ಸಡಿಲದಲ್ಲಿ ನಿಂತ ಗಾಳಿಯೇ ಎಂದು ಎಷ್ಟು ಹುಡುಗಿಯರಿಗೆ ಅವಳೇ ಪಾಠ ಹೇಳಿಲ್ಲ!

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು.

ಮಾರನೆಯ ದಿನದಿಂದ ಸೂಜಿ ಮುಟ್ಟಲಿಲ್ಲ. ಕಂಬಗಳ ಹೊರಮೈಗೆ ಒಂದು ಪ್ಲಾಸ್ಟಿಕ್ಕು, ಒಳಮೈಗೆ ಇನ್ನೊಂದು, ನಡುವೆ ನಾಲ್ಕು ಬೆರಳು ಗಾಳಿ. ಅಂಚುಗಳನ್ನು ಮಡಿಸಿ, ಮೇಲೆ ಮರದ ಪಟ್ಟಿ ಒತ್ತಿ ಮೊಳೆ ಹೊಡೆದಳು. ಮೊಳೆಗಿಂತ ಹೆಚ್ಚು ಏಟು ಹೆಬ್ಬೆರಳಿಗೇ ಬಿತ್ತು.

"ಇತ್ಲಾಗೆ ಕೊಡು, ನಾನು ಹೊಡೀತೀನಿ" ಎಂದ ತಮ್ಮ.

"ಬೇಡಪ್ಪಾ. ನೀನು ಹೋಗಿ ಕಾರು ತೊಳ್ಕೋ."

ಹಗಲಿನ ಬಿಸಿಲನ್ನು ಹಿಡಿದಿಡಲು ಕಪ್ಪು ಡ್ರಮ್ಮುಗಳಲ್ಲಿ ನೀರು ತುಂಬಿಸಿ ಒಳಗೆ ಸಾಲಾಗಿ ಇಟ್ಟಳು. ಮಧ್ಯಾಹ್ನದ ಬಿಸಿಗಾಳಿ ಹೋಗಲು ಮೇಲೊಂದು ಕಿಂಡಿ ಬಿಟ್ಟಳು. ಬಾಗಿಲಿಗೆ ಕೋಟಿನ ಎದೆಯ ಹಾಗೆ ಒಂದರ ಮೇಲೊಂದು ಬರುವ ಎರಡು ಪರದೆ ಕಟ್ಟಿದಳು. ನಾಲ್ಕು ಕುಂಡಗಳು ಒಳಗೆ ಹೋದವು. ಇನ್ನು ಚಳಿಯುಂಟು, ತಾನುಂಟು.

ಚಳಿ ಬಂತು. ಒಂದು ಬೆಳಿಗ್ಗೆಯಂತೂ ನಲ್ಲಿಯಲ್ಲಿ ನೀರೇ ಇಳಿಯಲಿಲ್ಲ, ಕಾರಿನ ಗಾಜಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಮಫ್ಲರ್ ಸುತ್ತಿಕೊಂಡು, ಶೆಡ್ಡಿನ ಅಳತೆಗೆಂದು ಟೇಪು ಹಿಡಿದು ಹಿತ್ತಿಲಿಗೆ ಬಂದ ತಮ್ಮ. ಅಕ್ಕ ಆಗಲೇ ನೆರಳುಮನೆಯ ಒಳಗಿದ್ದಳು.

"ಅಕ್ಕಾ, ಇದಾವೋ ಹೋದವೋ?"

"ಬರೋದಾದ್ರೆ ಬಾ. ಮೊದಲು ಪರದೆ ಎಳಿ, ಚಳಿ ಒಳಗೆ ಬರುತ್ತೆ."

ಅವನು ತಲೆ ತಗ್ಗಿಸಿ ಒಳಗೆ ಬಂದು ಪರದೆ ಎಳೆದ. ಮರುಕ್ಷಣವೇ ಅವನ ಕನ್ನಡಕದ ಎರಡೂ ಗಾಜು ಆವಿ ಕಟ್ಟಿ ಬೆಳ್ಳಗಾದವು. ಟೇಪು ಹಿಡಿದ ಕೈ ಹಾಗೇ ನಿಂತಿತು.

"ಏನೂ ಕಾಣ್ತಿಲ್ಲ ಕಣಕ್ಕಾ."

"ಕಣ್ಣು ಮಂಜಾಯ್ತಾ? ವಿಶ್ರಾಂತಿ ತಗೋ."

ಅವನು ಕನ್ನಡಕ ತೆಗೆಯಲಿಲ್ಲ. ನಿಧಾನವಾಗಿ ಮಫ್ಲರ್ ಬಿಚ್ಚಿದ. ಅಕ್ಕ ಅವನ ಕೈಯಿಂದ ಟೇಪು ತೆಗೆದುಕೊಂಡು, ಅದರ ತುದಿಯನ್ನು ಅವನ ಬೆರಳಿಗೇ ವಾಪಸು ಕೊಟ್ಟಳು.

"ಬಿಗಿಯಾಗಿ ಹಿಡ್ಕೋ. ಮರಿಗಳು ದೊಡ್ಡವಾಗ್ತಿವೆ, ಆ ಕಡೆಗೆ ಇನ್ನೊಂದು ಸಾಲು ಬೇಕು."

ಟೇಪು ಬಿಚ್ಚಿಕೊಳ್ಳುತ್ತ ಕುಂಡಗಳ ಪಕ್ಕದಲ್ಲಿ ಹಾದುಹೋಯಿತು. ಆವಿ ಕಟ್ಟಿದ ಕನ್ನಡಕ ಹಾಕಿಕೊಂಡೇ ತಮ್ಮ ಅದರ ತುದಿ ಹಿಡಿದುಕೊಂಡು ನಿಂತಿದ್ದ.