ತಿರುವಿನ ಹಾಡು

"ಅಮ್ಮಾ, ಇನ್ನೊಂದು ವ್ಯಾನ್ ತುಂಬಾ ಜನ ಬಂದ್ರು!" ಪೆನ್ನಿನಾ ಗಂಜಿಯ ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ನುಗ್ಗಿದಳು. "ಒಬ್ರ ಮುಖಾನೂ ಗೊತ್ತಿಲ್ಲ. ಎಲ್ಲಾ ಅಪ್ಪನಿಗೆ ಬಸ್ಸಲ್ಲಿ ಸಿಕ್ಕವ್ರೇ."

ಗಂಡನ ಶವಪೆಟ್ಟಿಗೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದ ಕೆಝಿಯಾ ಕತ್ತು ಚಾಚಿ ಅಂಗಳದ ಕಡೆ ನೋಡಿದಳು. ಅವಳಲ್ಲಿ ದುಃಖಕ್ಕಿಂತ ಭಯವೇ ಹೆಚ್ಚಾಗಿತ್ತು. ಗಂಡ ಎರಿಯಾ ಕಬಾಲೆ ಪೇಟೆಯ ಬಸ್ಸು ಹತ್ತಿದನೆಂದರೆ ಪಕ್ಕದಲ್ಲಿ ಕೂತವರಿಗೆ ಯೇಸುವಿನ ಸಾಕ್ಷಿ ಹೇಳದೆ ಇಳಿದವನಲ್ಲ. ಸಾಕ್ಷಿಯೆಂದರೆ ಉಪದೇಶವಲ್ಲ, ತಾನೇ ಮಾಡಿದ ಪಾಪಗಳ ಕತೆ. "ನಾನು ಎರಿಯಾ. ಕುಡುಕನಾಗಿದ್ದೆ, ಹಾಲಿಗೆ ನೀರು ಬೆರೆಸ್ತಿದ್ದೆ," ಎಂದೇ ಶುರು. ಅವರ ಗುಡ್ಡದೂರಿನಲ್ಲಿ ಪಾಪ ಒಪ್ಪಿ, ಕುಡಿತ ಬಿಟ್ಟು ರಕ್ಷಣೆ ಹೊಂದಿದವರೆಲ್ಲ ಹಾಗೆಯೇ. ಆದರೆ ಇವನಷ್ಟು ಸಡಿಲ ಬಾಯಿ ಯಾರದೂ ಇರಲಿಲ್ಲ.

ಈಗ ಆ ಅಪರಿಚಿತರೆಲ್ಲ ಅವನ ಬಗ್ಗೆ ನಾಲ್ಕು ಮಾತಾಡಲು ಅಂಗಳದ ಮೈಕಿನ ಮುಂದೆ ಸಾಲುಗಟ್ಟಿದ್ದರು. ಅವರಲ್ಲಿ ಯಾರಿಗೆ ಹೆಂಡತಿಯ ಕತೆಯನ್ನೂ ಹೇಳಿದ್ದನೋ! ಕೆಝಿಯಾ ಚರ್ಚಿನ ತಾಯಂದಿರ ಸಂಘದ ಅಧ್ಯಕ್ಷೆ. ಸಂಘದ ಹೆಂಗಸರು ಬಿಳಿ ಉಡುಪಿನಲ್ಲಿ ಅವಳ ಸುತ್ತಲೇ ಕೂತಿದ್ದರು.

* * *

ಪೆನ್ನಿನಾ ಶಾಲೆಗೆ ಹೋಗುತ್ತಿದ್ದ ಕಾಲ. ಎರಿಯಾ ಕುಡಿತ ಬಿಟ್ಟು ರಕ್ಷಣೆ ಹೊಂದಿ ವರ್ಷಗಳಾಗಿದ್ದವು. ಆದರೆ ಸಾಕ್ಷಿ ಹೇಳಿದರೆ ಮಗಳ ಶಾಲೆಯ ಫೀಸು ಹುಟ್ಟೀತೇ? ಕೆಝಿಯಾ ತೋಟದ ನಡುವೆ, ಒಣ ಬಾಳೆಲೆಗಳ ಮರೆಯಲ್ಲಿ, ಕದ್ದು ಸಾರಾಯಿ ಇಳಿಸಿ ಮಾರುತ್ತಿದ್ದಳು. ಒಂದು ಮಧ್ಯಾಹ್ನ ಕತ್ತೆತ್ತಿದರೆ ಗಂಡ ಎದುರಿಗೇ ನಿಂತಿದ್ದ. ಒಲೆ ನೋಡಿದ, ಹಂಡೆ ನೋಡಿದ, ಅವಳನ್ನು ನೋಡಿದ. ಬಂದ ದಾರಿಯಲ್ಲೇ ಗುಡ್ಡ ಇಳಿದುಹೋದ.

ಸ್ವಲ್ಪ ಹೊತ್ತಿಗೆ ಕೆಳಗಿನ ತಿರುವಿನಿಂದ ಅವನ ಹಾಡು ಕೇಳಿಸಿತು. ಗಂಟಲು ಹರಿಯುವ ಹಾಗೆ ಸ್ತುತಿ ಹಾಡುತ್ತ, ಆಗಷ್ಟೇ ಮನೆಗೆ ಬರುವವನಂತೆ ನಿಧಾನವಾಗಿ ಹತ್ತಿ ಬಂದ. ಅಷ್ಟರಲ್ಲಿ ಅವಳು ಎಲ್ಲವನ್ನೂ ಮುಚ್ಚಿಟ್ಟಿದ್ದಳು.

ಅಂದಿನಿಂದ ಅವನು ಆ ತಿರುವಿನಲ್ಲಿ ಹಾಡು ಎತ್ತದೆ ಗುಡ್ಡ ಹತ್ತಿದ್ದೇ ಇಲ್ಲ. "ಎಂಥಾ ಭಕ್ತ!" ಎಂದರು ಊರವರು. ಮಗಳ ಓದು ಮುಗಿದು ಕೆಝಿಯಾ ಹಂಡೆಯನ್ನು ಒಡೆದುಹಾಕಿದ ಮೇಲೂ ಹಾಡು ನಿಲ್ಲಲಿಲ್ಲ. ಆ ವಿಷಯ ಅವರಿಬ್ಬರ ನಡುವೆ ಎಂದೂ ಬರಲಿಲ್ಲ. ಮನೆಯಲ್ಲಿ ಆಡದ ಮಾತನ್ನು ಬಸ್ಸಿನಲ್ಲಿ ಆಡಿರಬಹುದಲ್ಲ ಎಂಬ ಮುಳ್ಳು ಮಾತ್ರ ಅವಳೊಳಗೆ ಉಳಿದುಬಿಟ್ಟಿತು.

* * *

"ತಮ್ಮನ ಹೋರಿ ಕದ್ದಿದ್ನಂತೆ ಅಜ್ಜ," ಎಂದ ಮೈಕಿನ ಮುಂದೆ ನಿಂತ ಮೆಕ್ಯಾನಿಕ್. "ಮೊದಲ್ನೇ ಭೇಟೀಲೇ ಹೇಳ್ಬಿಟ್ಟ!"

"ನಂಗೂ ಹೇಳಿದ್ದ!" ಎರಿಯಾನ ತಮ್ಮ ಎನೋಸಿ ಕೂತಲ್ಲಿಂದಲೇ ಕೂಗಿದ. "ಒಂದಕ್ಕೆ ಎರಡು ವಾಪಸ್ ಕೊಟ್ಟ. ಅದ್ರಲ್ಲೊಂದು ಕುಂಟು!" ಅಂಗಳವೆಲ್ಲ ನಕ್ಕಿತು. ಎನೋಸಿ ಪಕ್ಕದಲ್ಲಿದ್ದ ತನ್ನ ಅಳಿಯಂದಿರ ಕಡೆ ಬಾಗಿ ಗೊಣಗಿದ: "ರಕ್ಷಣೆಯವ್ರ ಸಾವಿಗೆ ಬಂದ್ರೆ ಇದೇ ಹಣೆಬರಹ ನೋಡಿ. ಬರೀ ಜೋಳದ ಗಂಜಿ. ಗಂಟಲು ಒಣಗಿಹೋಯ್ತು."

ಆಮೇಲೆ ಒಬ್ಬ ಗಟ್ಟಿ ದನಿಯ ಹೆಂಗಸು ಬಂದು ಮೈಕು ಹಿಡಿದಳು.

"ನಾನು ಕೋಳಿ ಮಾರೋಳು. ಅಜ್ಜ ಒಂದೇ ಸಮ ತನ್ನ ಪಾಪ ಹೇಳ್ತಿದ್ದ. ಕೇಳಿ ಕೇಳಿ ಸಾಕಾಗಿ ನಾನಂದೆ, 'ಸರಿ ಅಜ್ಜ, ನಿನ್ನ ಹೆಂಡ್ತಿ ಏನು ದೇವದೂತೆನಾ?'"

ಕೆಝಿಯಾ ತಲೆವಸ್ತ್ರದ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಬಿಳಿ ಉಡುಪುಗಳೆಲ್ಲ ಅವಳ ಕಡೆ ತಿರುಗಿದವು.

"ಅಜ್ಜ ಏನಂದ ಗೊತ್ತಾ? 'ತಾಯೀ, ನನ್ನ ಗಂಟು ಬಿಚ್ಚಿ ಮುಗಿಸೋದ್ರೊಳಗೆ ಕಬಾಲೆ ಬಂದ್ಬಿಡತ್ತೆ. ಇನ್ನೊಬ್ರ ಗಂಟು ಬಿಚ್ಚೋಕೆ ಟೈಮೆಲ್ಲಿದೆ?'"

ನಗು ಎದ್ದಿತು. ಹೆಂಗಸು ನಗಲಿಲ್ಲ. "ಅದಕ್ಕೇ ಅವತ್ತು ನನ್ನ ಗಂಟನ್ನೂ ಅವನ ಮುಂದೆ ಬಿಚ್ಚಿದೆ. ಯಾರಿಗೂ ಹೇಳಲ್ಲ ಅಂತ ಗೊತ್ತಾಯ್ತಲ್ಲ. ಅವನು ನಂಬಿದ ದೇವರನ್ನ ನಾನು ನಂಬಿದ್ದೂ ಹಾಗೇನೇ."

ಕೆಝಿಯಾಳ ಮುಷ್ಟಿ ಸಡಿಲವಾಯಿತು. ಗಂಡ ಸತ್ತ ಮೇಲೆ ಮೊದಲ ಬಾರಿಗೆ ಅವಳು ಭಯವಿಲ್ಲದೆ ಅತ್ತಳು. ಅಯ್ಯೋ, ಇವನಿಗೆ ನಾನು ಸುಮ್ಮನೆ ಇಷ್ಟು ವರ್ಷ ಹೆದರಿದೆನಲ್ಲ ಎಂದು ಅತ್ತಳು.

* * *

ಮಣ್ಣು ಮಾಡಿಯಾದ ಮೇಲೆ ಕೆಝಿಯಾ ಕೋಳಿಯವಳನ್ನು ಕೆಳಗಿನ ರಸ್ತೆಯವರೆಗೆ ತಾನೇ ಹೋಗಿ ಕಳಿಸಿಬಂದಳು. ಇಳಿಬಿಸಿಲಿತ್ತು. ಏದುಸಿರು ಬಿಡುತ್ತ ತೋಟದ ಹತ್ತಿರ ಬಂದಾಗ, ಹಿಂದೆ ತನ್ನ ಒಲೆಯಿದ್ದ ಜಾಗದಲ್ಲಿ ಎನೋಸಿಯ ಟೋಪಿ ಕಂಡಿತು. ಅವನ ಸುತ್ತ ಅಳಿಯಂದಿರು ಕುಕ್ಕರಗಾಲಲ್ಲಿ ಕೂತಿದ್ದರು. ಒಂದು ಬಾಟಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಯಾರೂ ಅವಳನ್ನು ನೋಡಲಿಲ್ಲ. ನಿನ್ನೆಯಾಗಿದ್ದರೆ ಸಂಘದ ಅಧ್ಯಕ್ಷೆ ಅವರ ಚಳಿ ಬಿಡಿಸುತ್ತಿದ್ದಳು.

ಅವಳು ಸದ್ದಿಲ್ಲದೆ ಹಿಂದಿರುಗಿ, ತಿರುವಿನವರೆಗೆ ಇಳಿದು ಹೋದಳು. ಅಲ್ಲಿ ನಿಂತು ಉಸಿರು ಎಳೆದುಕೊಂಡು, ಗಂಟಲು ಹರಿಯುವ ಹಾಗೆ ಹಾಡು ಎತ್ತಿದಳು.

ಮೇಲೆ ತೋಟದಲ್ಲಿ ಒಣ ಬಾಳೆಲೆಗಳು ಸರಸರ ಎಂದವು. ಯಾರೋ ಕೆಮ್ಮಿದರು. ಕೆಝಿಯಾ ಹೆಜ್ಜೆಯನ್ನು ಇನ್ನೂ ನಿಧಾನ ಮಾಡಿದಳು.