ಎರಡು ಫ್ಯಾನುಗಳ ಸದ್ದು

ರೇವಣಪ್ಪ ಕಂಪ್ರೆಸರಿನ ಪೈಪನ್ನು ಎತ್ತಿ ಹಿಡಿದು, ಮುಚ್ಚಳ ತೆಗೆದಿಟ್ಟಿದ್ದ ಎರಡು ಕಂಪ್ಯೂಟರ್ ಪೆಟ್ಟಿಗೆಗಳ ಒಳಕ್ಕೆ ಒಂದರ ನಂತರ ಒಂದರಂತೆ ಗಾಳಿ ಬಿಟ್ಟ. ಒಂದೇ ರಾತ್ರಿಯಲ್ಲಿ ಕೂತಿದ್ದ ಬಿಳಿಯ ಕಲ್ಲುಪುಡಿ ಭುಸ್ಸೆಂದು ಎದ್ದು ಕಿಟಕಿಯ ಬಿಸಿಲಿನಲ್ಲಿ ತುಂಬಿಕೊಂಡಿತು. ಗುರುದೇವಿ ಒಂದು ಹೆಜ್ಜೆ ಮುಂದಿಟ್ಟಳು. ಬೇಡವೆನ್ನುವ ಮಾತು ನಾಲಿಗೆಯವರೆಗೆ ಬಂದು ಅಲ್ಲಿಯೇ ನಿಂತಿತು.

ಶಹಾಬಾದದ ಕಲ್ಲಿನ ಅಂಗಳಗಳಲ್ಲಿ ಅದೊಂದು ರೀತಿ. ಗಿರಾಕಿ ಬರುವ ಮುಂಚೆ ಫರಸಿ ಹಾಸುಗಲ್ಲುಗಳ ಮೇಲಿನ ಪುಡಿಯನ್ನು ಯಜಮಾನನೇ ತನ್ನ ಕೈಯಾರೆ ಗಾಳಿ ಹೊಡೆದು ತೆಗೆಯಬೇಕು. ಆಳಿನ ಕೈಯಿಂದ ತೆಗೆಸಿದರೆ, ಮಾಲಿನ ಮೇಲೆ ಯಜಮಾನನಿಗೇ ಭರವಸೆಯಿಲ್ಲವೆಂದು ನೋಡುವವರು ತಿಳಿಯುತ್ತಾರೆ. ಆ ಮರ್ಯಾದೆಯನ್ನು ರೇವಣಪ್ಪ ಈ ದಿನ ಕಂಪ್ಯೂಟರುಗಳಿಗೂ ಸಲ್ಲಿಸಿದ್ದ. ಕಂಪ್ರೆಸರಿನ ತೊಟ್ಟಿಯಲ್ಲಿ ತಂಗಿದ್ದ ತೇವವೂ ಗಾಳಿಯೊಂದಿಗೆ ಪೈಪಿನಿಂದ ತುಂತುರಾಗಿ ಬಂದಿತ್ತು. ಕಲ್ಲಿಗೆ ಅದರಿಂದ ಯಾವ ಬಾಧೆಯೂ ಇಲ್ಲ.

“ಈಗ ಕುಂದ್ರಿ,” ಎಂದು ಅವನು ಪೈಪನ್ನು ಕೆಳಗಿಟ್ಟ. “ಧೂಳ ಕುಂತ ಮಾಲು ನಾ ಯಾರಿಗೂ ತೋರ್ಸಂಗಿಲ್ಲ, ಯಾರದೂ ನೋಡಂಗಿಲ್ಲ.”

ಆ ಕೋಣೆ ಅವನ ಪಾಲಿಷ್ ಅಂಗಳದ ಮುಂಭಾಗದಲ್ಲಿತ್ತು. ಗುರುದೇವಿಯ ತಂದೆ ಚಂದ್ರಾಮಪ್ಪ ಅಲ್ಲಿ ಬಹಳ ಕಾಲ ಟೈಪಿಂಗ್ ಕಲಿಸಿದ್ದ. ಊರಿನ ಅರ್ಧದಷ್ಟು ಗುಮಾಸ್ತರ ಬೆರಳುಗಳು ಅಲ್ಲಿಯೇ ಪಳಗಿದ್ದವು. ತಂದೆ ತೀರಿದ ಮೇಲೆ ಮಗಳು ನಡೆಸಿದಳು. ಆದರೆ ಎರಡು ಸಾವಿರದ ಎರಡನೆಯ ಇಸವಿಯ ಆ ಬೇಸಿಗೆಯ ಹೊತ್ತಿಗೆ ಟೈಪಿಂಗ್ ಕಲಿಯಲು ಬರುವವರು ಯಾರೂ ಉಳಿದಿರಲಿಲ್ಲ. ಕೋಣೆಯನ್ನು ಕಂಪ್ಯೂಟರ್ ಸೆಂಟರ್ ಮಾಡುವುದಾಗಿ ರೇವಣಪ್ಪ ನಿಶ್ಚಯಿಸಿದ. ಕಂಪ್ಯೂಟರ್ ಕಲಿಕೆ, ಮುದ್ರಣದ ಕೆಲಸ, ಸಂಜೆ ಹುಡುಗರಿಗೆ ಆಟ. ಹಿಂದಿನ ವಾರ ಅವನು ಬಂದು ಕೀಲಿ ಕೇಳಿದಾಗ ಗುರುದೇವಿ ಕದದ ಹಿಂದಿನ ಮೊಳೆಯಿಂದ ಅದನ್ನು ತೆಗೆದು ಅವನ ಕೈಗಿತ್ತಳು. ಬೆಳಿಗ್ಗೆ ಕದ ತೆರೆದು ಕೀಲಿಯನ್ನು ಆ ಮೊಳೆಗೆ ಹಾಕಿದರೆ ಸಂಜೆಯೇ ತೆಗೆಯುವುದು ಅವಳ ತಂದೆಯ ರೂಢಿಯಾಗಿತ್ತು. ಈಗ ಆ ಮೊಳೆ ಬರಿದಾಗಿತ್ತು. ಗುರುದೇವಿ ಆ ಕಡೆ ಕಣ್ಣು ಹಾಯಿಸದೆ ಕುಳಿತಿದ್ದಳು.

ರೇವಣಪ್ಪನ ಷರತ್ತು ಸರಳವಾಗಿತ್ತು. ಯಾರ ಯಂತ್ರ ಅವನ ಮನಸ್ಸಿಗೆ ಬರುತ್ತದೆಯೋ ಅವರಿಂದಲೇ ಎಲ್ಲ ಯಂತ್ರಗಳನ್ನೂ ಕೊಳ್ಳುವುದು, ಸೆಂಟರ್ ನಡೆಸಲು ಕೋಣೆಯ ಕೀಲಿಯನ್ನೂ ಅವರಿಗೇ ಕೊಡುವುದು. ಗುರುದೇವಿಗೆ ಎದುರಾಗಿದ್ದವನು ಸೇಡಂನ ವಿಠ್ಠಲ್. ಮೊದಲು ಗಣಿತದ ಮೇಷ್ಟ್ರು, ಈಗ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟವನು. ಎರಡೂ ಪೆಟ್ಟಿಗೆಗಳಲ್ಲಿ ಉಳಿದ ಸಾಮಾನೆಲ್ಲ ಹೆಚ್ಚುಕಡಿಮೆ ಒಂದೇ. ಬೇರೆಯಾಗಿದ್ದುದು, ಯಂತ್ರದ ಎಲ್ಲ ಲೆಕ್ಕವನ್ನೂ ಮಾಡುವ ಪ್ರೊಸೆಸರ್ ಎಂಬ ಬಿಲ್ಲೆ ಮತ್ತು ಅದನ್ನು ಕೂರಿಸಿದ ಬೋರ್ಡು. ವಿಠ್ಠಲ್ ಪೆಂಟಿಯಮ್ ಹಾಕಿದ್ದ. ಗುರುದೇವಿ ರೈಲಿನಲ್ಲಿ ಹೈದರಾಬಾದಿಗೆ ಹೋಗಿ ಅಥ್ಲಾನ್ ಎಂಬ ಬೇರೆ ಕಂಪನಿಯದನ್ನು ತಂದು ತಾನೇ ಜೋಡಿಸಿದ್ದಳು.

“ತಂಗಿ, ನಿನ್ನ ಬಿಲ್ಲೆ ಭಾಳ ಬಿಸಿ ಅಂತ,” ಎಂದ ವಿಠ್ಠಲ್, ಮಾನಿಟರಿನ ತಂತಿ ಸಿಕ್ಕಿಸುತ್ತ. “ಮ್ಯಾಲ ಚಹಾ ಇಟ್ರ ಕುದೀತದ ಅಂತಾರ.”

“ಕುದೀಲಿ ಬಿಡ್ರಿ ಸರ. ನಿಮ್ಮದರ ರೇಟ್ ಕೇಳಿದ್ರ ಒಲಿ ಇಲ್ದೇನೇ ಕುದೀತದ.”

ಪಾಲಿಷ್ ಮಿಸ್ತ್ರಿ ಹಾಜಿಮಲಂಗ್ ಬಾಗಿಲಲ್ಲಿ ನಿಂತು ನಕ್ಕ. ಊಟದ ಹೊತ್ತೆಂದು ಅಂಗಳದ ಯಂತ್ರಗಳನ್ನು ನಿಲ್ಲಿಸಲಾಗಿತ್ತು. ರೇವಣಪ್ಪನ ತಮ್ಮನ ಮಗ ಶಾಂತಕುಮಾರ ಎರಡೂ ಪೆಟ್ಟಿಗೆಗಳ ಮುಚ್ಚಳ ಹಾಕಿ ತಿರುಪು ಬಿಗಿದ.

ಮೊದಲ ಪರೀಕ್ಷೆ ಕೆಲಸದ್ದು. ಮಠದ ಭಜನೆಯ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಇಳಿಸಿಕೊಡಿರೆಂದು ಕೇಳುವವರು ಆಗ ಊರಲ್ಲಿ ಬಹಳ ಜನವಿದ್ದರು. ಕಂಪ್ಯೂಟರಿಗೆ ತುಂಬಿಕೊಂಡ ಹಾಡುಗಳನ್ನು ಕುಗ್ಗಿಸಿ ಇಡುವ ಕೆಲಸವನ್ನು ಎರಡಕ್ಕೂ ಒಟ್ಟಿಗೆ ಕೊಡಲಾಯಿತು. ವಿಠ್ಠಲನ ಯಂತ್ರ ಮೊದಲು ಮುಗಿಸಿತು. ಎರಡನೆಯದು ಆಟದ್ದು. ಕಾರುಗಳ ಓಟದ ಆಟವನ್ನು ಶಾಂತಕುಮಾರ ಎರಡರಲ್ಲಿಯೂ ಆಡಿದ. ಗುರುದೇವಿಯದರಲ್ಲಿ ರಸ್ತೆ ಎಣ್ಣೆ ಸುರಿದಂತೆ ಜಾರಿತು, ವಿಠ್ಠಲನದರಲ್ಲಿ ತಿರುವುಗಳಲ್ಲಿ ತುಸು ಮುಗ್ಗರಿಸಿತು. ಬೆಲೆಯ ಮಾತಿಗೆ ಪರೀಕ್ಷೆಯೇ ಬೇಕಿರಲಿಲ್ಲ. ಗುರುದೇವಿಯದು ಅಗ್ಗ, ಉಳಿದ ಹಣದಲ್ಲಿ ಅವಳು ಮೆಮೊರಿಯನ್ನೂ ಹೆಚ್ಚು ಹಾಕಿದ್ದಳು.

ಆದರೂ ರೇವಣಪ್ಪ ಒಪ್ಪಲಿಲ್ಲ. ಒಂದು ಮಧ್ಯಾಹ್ನದ ಬಿಸಿಲಿಗೆ ಹಾಸಿ ನೋಡದೆ ಅವನು ಬೇರೆ ಖಣಿಯ ಫರಸಿಯನ್ನು ಕೊಂಡವನಲ್ಲ. ಆಡುವವರಿಲ್ಲದೆ ಆಟ ತಾನೇ ಓಡುವಂತೆ ಮಾಡಲು ಬರುತ್ತದೆಯೇ ಎಂದು ಕೇಳಿದ. ಬರುತ್ತದೆಂದು ತಿಳಿದ ಮೇಲೆ ಕಲ್ಲಿನ ಮೇಜಿನ ತುದಿಯಲ್ಲಿ ತನ್ನ ಬುತ್ತಿ ಬಿಚ್ಚಿದ.

“ನಾ ರೊಟ್ಟಿ ತಿಂದು ಏಳೂತನ ಎರಡೂ ಓಡಲಿ. ಯಾವುದು ನಿಂದರ್ತದ ಅದು ಸೋತಂಗ. ಎರಡೂ ಓಡಿದ್ರ, ಚಂದ ಓಡಿದ್ದು ಗೆದ್ದಂಗ.”

ಇಲ್ಲಿಂದ ಮುಂದೆ ಈ ಕತೆ ಹೇಳುವವರ ಮಾತು ಕವಲೊಡೆಯುತ್ತದೆ. ವಾಡಿಯಲ್ಲಿ ಹೇಳುವವರು ಪೆಟ್ಟಿಗೆಯಿಂದ ಹೊಗೆ ಎದ್ದಿತೆನ್ನುತ್ತಾರೆ; ಚಿತ್ತಾಪುರದವರು ಬೆಂಕಿಯನ್ನೇ ಹಚ್ಚುತ್ತಾರೆ. ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡ ಹಾಜಿಮಲಂಗ್ ಹೊಗೆಯನ್ನೂ ಬೆಂಕಿಯನ್ನೂ ಒಪ್ಪುವುದಿಲ್ಲ. ಅವನು ಹೇಳುವಂತೆ, ಮೊದಲು ಆದದ್ದು ಇಷ್ಟೇ: ರೇವಣಪ್ಪ ಎರಡನೆಯ ರೊಟ್ಟಿಗೆ ಕೈ ಹಾಕಿದಾಗ ವಿಠ್ಠಲನ ಪರದೆಯ ಮೇಲಿನ ಕಾರು ತಡವರಿಸಿತು.

ಒಮ್ಮೆ ನಿಂತಂತಾಗಿ, ಜಿಗಿದು, ಮತ್ತೆ ನಿಂತಂತಾಯಿತು. ಶಾಂತಕುಮಾರ ತೊಡೆ ತಟ್ಟಿಕೊಂಡು ನಕ್ಕ.

“ಸರ, ನಿಮ್ಮ ಕಾರಿಗೆ ಎತ್ತ ಕಟ್ಯಾರೇನ್ರಿ?”

ವಿಠ್ಠಲನ ಹಣೆಯ ನಾಮ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಮೌಸನ್ನು ಸುಮ್ಮನೆ ಆಚೀಚೆ ಆಡಿಸಿ ಕೈ ಹಿಂದಕ್ಕೆ ತೆಗೆದುಕೊಂಡ. ಪಕ್ಕದಲ್ಲಿ ಗುರುದೇವಿಯ ಪರದೆಯ ಮೇಲೆ ಕಾರು ಮೊದಲಿನ ವೇಗದಲ್ಲಿಯೇ, ಇನ್ನೂ ಚಂದವಾಗಿ ಓಡುತ್ತಿತ್ತು. ರೇವಣಪ್ಪ ಜಗಿಯುತ್ತಲೇ ಅವಳ ಕಡೆ ನೋಡಿ ತಲೆ ತೂಗಿದ. ಅವಳ ಎದೆ ಹಗುರಾಯಿತು. ಇಷ್ಟು ಹೊತ್ತು ತಪ್ಪಿಸಿಕೊಂಡಿದ್ದ ಕಣ್ಣು ತಾನಾಗಿಯೇ ಕದದ ಹಿಂದಿನ ಮೊಳೆಯ ಕಡೆಗೆ ಹೋಯಿತು.

ಆಗ ಅವಳ ಕಿವಿ ಚುರುಕಾಯಿತು. ಸಾಲಾಗಿ ಬಡಿಯುವ ಟೈಪಿಂಗ್ ಯಂತ್ರಗಳ ನಡುವೆ ಯಾರ ಬೆರಳು ತಾಳ ತಪ್ಪಿತೆಂದು ತಿರುಗಿ ನೋಡದೆಯೇ ಹೇಳುವಂತೆ ತಂದೆ ಅವಳನ್ನು ತಯಾರು ಮಾಡಿದ್ದ. ಪ್ರತಿ ಪೆಟ್ಟಿಗೆಯಿಂದಲೂ ಎರಡು ಸದ್ದು ಬರಬೇಕು. ಹಿಂಬದಿಯ ದೊಡ್ಡ ಫ್ಯಾನಿನ ಭಾರವಾದ ಗುಂಯ್ ಒಂದು. ಪ್ರೊಸೆಸರಿನ ಮೇಲೆ ಕೂತ ಪುಟ್ಟ ಫ್ಯಾನಿನ ಸಣ್ಣ ಎಳೆಯಂಥ ಸದ್ದು ಇನ್ನೊಂದು. ವಿಠ್ಠಲನ ಪೆಟ್ಟಿಗೆಯಲ್ಲಿ ಸಣ್ಣ ಸದ್ದು ಇರಲಿಲ್ಲ. ಅದರ ಕಾರು ಯಾಕೆ ತಡವರಿಸುತ್ತಿದೆಯೆಂದು ಅವಳಿಗೆ ಅರ್ಥವಾಯಿತು. ಕಾವು ಮಿತಿ ಮೀರಿದರೆ ಪೆಂಟಿಯಮ್ ತನ್ನ ಓಟವನ್ನು ತಾನೇ ಇಳಿಸಿಕೊಳ್ಳುತ್ತದೆ.

ಏನೋ ಎತ್ತಿಕೊಳ್ಳುವವಳಂತೆ ಅವಳು ತನ್ನ ಪೆಟ್ಟಿಗೆಯ ಕಡೆಗೆ ಬಾಗಿದಳು. ಅದರಲ್ಲಿಯೂ ಸಣ್ಣ ಸದ್ದು ಇರಲಿಲ್ಲ.

ಅಂಗೈಯನ್ನು ತಗಡಿನ ಬದಿಗೆ ಇಟ್ಟಳು. ಒಲೆಯ ಮೇಲಿಂದ ಇಳಿಸಿದ ಹಂಚಿನಂತಿತ್ತು. ಪೈಪಿನಿಂದ ಬಂದ ತುಂತುರು, ಅದರೊಂದಿಗೆ ಎದ್ದ ಪುಡಿ, ಈ ಮಧ್ಯಾಹ್ನದ ಸೆಕೆ. ಎರಡೂ ಪುಟ್ಟ ಫ್ಯಾನುಗಳ ರೆಕ್ಕೆ ತಿರುಗುವ ನಡುಗುಬ್ಬಿಯಲ್ಲಿ ಕಲ್ಲುಪುಡಿ ಹಸಿಯಾಗಿ ಇಳಿದು, ಈಗ ಒಣಗಿ ಹಿಡಿದುಕೊಂಡಿದೆ. ಹೈದರಾಬಾದಿನ ಅಂಗಡಿಯಲ್ಲಿ ಫ್ಯಾನು ನಿಂತು ಸತ್ತ ಅಥ್ಲಾನೊಂದನ್ನು ಅವಳಿಗೆ ತೋರಿಸಿದ್ದರು. ಬಿಲ್ಲೆಯ ನಡುವೆ ಕಂದು ಕಲೆ. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ. ಇಂಥ ಬೋರ್ಡಿನ ಮೇಲೆ ಅದಕ್ಕೆ ನಿಧಾನಿಸುವುದು ತಿಳಿಯದು, ಕೊನೆಯ ಗಳಿಗೆಯವರೆಗೂ ಪೂರ್ತಿ ವೇಗದಲ್ಲಿಯೇ ಓಡುತ್ತದೆ ಎಂದು ಅಂಗಡಿಯವನು ಹೇಳಿದ್ದ.

ರೇವಣಪ್ಪನ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು.

ಅಷ್ಟು ಹೊತ್ತು ಬಿಲ್ಲೆ ತಾಳಿದರೆ ಸಾಕು. ಅವನು ಕೈ ತೊಳೆದು ಕೀಲಿ ಕೊಡುತ್ತಾನೆ, ಅವಳು ಯಂತ್ರವನ್ನು ಮನೆಗೊಯ್ದು ಹೊಸ ಫ್ಯಾನು ಹಾಕುತ್ತಾಳೆ, ಯಾರಿಗೂ ತಿಳಿಯುವುದಿಲ್ಲ. ಶಾಂತಕುಮಾರ ಆಗಲೇ ಅವಳ ಪರದೆಯ ಮುಂದೆ ಕುರ್ಚಿ ಎಳೆದುಕೊಂಡಿದ್ದ. ರೇವಣಪ್ಪ ಚೂರು ಮುರಿದು ಪಲ್ಯಕ್ಕೆ ಒತ್ತಿದ, ಬಾಯಿಗಿಟ್ಟ, ನಿಧಾನವಾಗಿ ಜಗಿದ. ಮತ್ತೊಂದು ಚೂರು ಮುರಿದ. ಗುರುದೇವಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಕಿಟಕಿಯ ಆಚೆ ಅಂಗಳದಲ್ಲಿ ಕಲ್ಲುಪುಡಿಯ ರಾಶಿ ಬಿಸಿಲಿಗೆ ಬೆಳ್ಳಗೆ ಬಿದ್ದಿತ್ತು. ನಾಳೆಯೂ ಅದು ಅಲ್ಲಿಯೇ ಇರುತ್ತದೆ. ಸಾಲಾಗಿ ಇಡುವ ಹೊಸ ಯಂತ್ರಗಳ ಒಳಗೂ ಇರುತ್ತದೆ.

ಅವಳು ಎದ್ದು ತನ್ನ ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತಳು.

ಪರದೆ ಕಪ್ಪಾಯಿತು. ರೇವಣಪ್ಪನ ಕೈ ತಟ್ಟೆಯ ಮೇಲೆ ನಿಂತಿತು.

“ಯಾಕ ತೆಗದಿ? ನಿಂತದ್ದು ಸೋತಂಗ ಅಂತ ಹೇಳೀನಿ.”

“ಗೊತ್ತದ ಕಾಕಾ.”

ಅವಳು ವಿಠ್ಠಲನ ಯಂತ್ರವನ್ನೂ ನಿಲ್ಲಿಸುವಂತೆ ಕೇಳಿಕೊಂಡಳು. ಶಾಂತಕುಮಾರನಿಂದ ತಿರುಪುಳಿ ತೆಗೆದುಕೊಂಡು ಎರಡೂ ಮುಚ್ಚಳಗಳನ್ನು ಬಿಚ್ಚಿದಳು. ಮೊದಲು ತನ್ನ ಫ್ಯಾನನ್ನು, ಆಮೇಲೆ ವಿಠ್ಠಲನದನ್ನು ಬೆರಳಿನಿಂದ ನೂಕಿ ತೋರಿಸಿದಳು. ಎರಡೂ ಮಿಸುಕಲಿಲ್ಲ. ಪಿನ್ನಿನ ತುದಿಯಿಂದ ತನ್ನ ಫ್ಯಾನಿನ ಗುಬ್ಬಿಯನ್ನು ಕೆರೆದು, ಬಂದದ್ದನ್ನು ಕಲ್ಲಿನ ಮೇಜಿನ ಮೇಲೆ ಇಟ್ಟಳು. ಬೂದುಬಿಳುಪಿನ, ಗಟ್ಟಿಯಾದ ಒಂದು ಚಕ್ಕೆ. ಅದು ಏನು, ಹೇಗೆ ಬಂತು ಎಂದು ಅವಳು ಹೇಳಲಿಲ್ಲ.

ರೇವಣಪ್ಪ ಎಡಗೈ ಬೆರಳಿನಿಂದ ಚಕ್ಕೆಯನ್ನು ಎತ್ತಿ ಉಜ್ಜಿದ. ಪಾಲಿಷ್ ಯಂತ್ರದ ಕೆಳಗೆ ಹರಿದು ಒಣಗುವ ಕೆಸರನ್ನು ಅವನು ಹುಟ್ಟಿದಾಗಿನಿಂದ ತುಳಿದಿದ್ದ. ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಮೂಲೆಯಲ್ಲಿ ಬಿದ್ದಿದ್ದ ಪೈಪಿನ ಕಡೆಗೆ ನೋಡಿದ. ಹಾಜಿಮಲಂಗ್ ಬಂದು ಪೈಪನ್ನು ಸುತ್ತಿ ಹೊರಗೊಯ್ದ.

“ನಂದು ಜೋರ ಅದ, ಅಗ್ಗ ಅದ. ಅದೇನು ಸುಳ್ಳಲ್ಲ,” ಎಂದಳು ಗುರುದೇವಿ. “ಬ್ಯಾರೆ ಊರಾಗಿದ್ರ ಇದನ್ನೇ ತಗೋರಿ ಅಂತಿದ್ದೆ. ಆದ್ರ ಫ್ಯಾನ್ ನಿಂತದ್ದು ಇದಕ್ಕ ತಿಳಿಯಂಗಿಲ್ಲ ಕಾಕಾ. ಈ ಕೋಣ್ಯಾಗ ಫ್ಯಾನ್ ನಿಂದ್ರದೇ ಇರಂಗಿಲ್ಲ. ಇಲ್ಲಿಗೆ ವಿಠ್ಠಲ್ ಸರ್ದೇ ಇರಲಿ.”

ವಿಠ್ಠಲ್ ಹಣೆ ಒರೆಸಿಕೊಂಡ. ನಾಮ ಪೂರ್ತಿ ಅಳಿಸಿಹೋಯಿತು.

“ತಂಗಿ, ಸುಮ್ನ ಕುಂತಿದ್ರ ಗೆಲ್ತಿದ್ದಿ.”

“ಹೌದ್ರಿ ಸರ.”

ರೇವಣಪ್ಪ ಉಳಿದ ರೊಟ್ಟಿಯನ್ನು ತಿನ್ನದೆ ಬುತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟ. ಯಂತ್ರಗಳನ್ನು ಯಾವಾಗ ಕಳಿಸುತ್ತೀರೆಂದು ವಿಠ್ಠಲನನ್ನು ಕೇಳಿದ. ಮುಂದಿನ ವಾರವೆಂದು ವಿಠ್ಠಲ್ ಹೇಳಿದ. ಅವುಗಳ ಧೂಳು ತೆಗೆಯುವವರು ಯಾರೆಂಬ ಪ್ರಶ್ನೆಗೆ, ಸೇಡಂನಿಂದ ತನ್ನ ಮನುಷ್ಯ ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ ಎಂದ. ತಿಂಗಳಿಗೊಮ್ಮೆ ಎಂಬ ಮಾತನ್ನು ರೇವಣಪ್ಪ ತನ್ನಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡು ಗುರುದೇವಿಯ ಕಡೆ ನೋಡಿದ.

ಗುರುದೇವಿ ಅವರ ಮಾತಿಗೆ ಕಿವಿಗೊಡಲಿಲ್ಲ. ಟೈಪ್‌ರೈಟರುಗಳ ಅಚ್ಚು ಉಜ್ಜಲು ತಂದೆ ಇಟ್ಟಿದ್ದ ಗಟ್ಟಿಗೂದಲಿನ ಬ್ರಷ್ಷನ್ನು ಅವಳು ಕಪಾಟಿನಿಂದ ತೆಗೆದಿದ್ದಳು. ವಿಠ್ಠಲನ ಪೆಟ್ಟಿಗೆಗೆ ಬೆನ್ನು ಬಾಗಿಸಿ ಒಂದೊಂದೇ ರೆಕ್ಕೆ ಉಜ್ಜಿದಳು. ಗುಬ್ಬಿಯ ಸಂದಿನಿಂದ ಕಲ್ಲು ಬಿಡಿಸಿ, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಟ್ಟಳು. ಬೆರಳಿಗೆ ಸರಾಗವಾಗಿ ತಿರುಗಿದ ಮೇಲೆ ತಂತಿ ಸಿಕ್ಕಿಸಿ ಗುಂಡಿ ಒತ್ತಿದಳು. ಭಾರವಾದ ಗುಂಯ್ ಎದ್ದಿತು. ಅದರ ಒಳಗಿನಿಂದ, ತುಸು ತಡೆದು, ಸಣ್ಣ ಎಳೆ ಬಂತು. ಅದು ಸಮವಾಗುವವರೆಗೂ ಅವಳು ಕಣ್ಣು ಮುಚ್ಚಿ ಕೇಳಿದಳು.

ಕಣ್ಣು ತೆರೆದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಹೊರಗೆ ರೇವಣಪ್ಪ ಚೆಂಬಿನ ನೀರಿನಲ್ಲಿ ಕೈ ತೊಳೆಯುತ್ತಿದ್ದ. ಬ್ರಷ್ಷನ್ನು ಇಡಲೆಂದು ಅವಳು ಕಪಾಟಿನ ಕಡೆ ತಿರುಗಿದಳು. ಕದದ ಹಿಂದೆ, ಮೊಳೆಯ ಮೇಲೆ, ಕೀಲಿ ಇತ್ತು.

ಅಂಗಳದಲ್ಲಿ ಪಾಲಿಷ್ ಯಂತ್ರ ಶುರುವಾಯಿತು. ಗುರುದೇವಿ ಹೋಗಿ ಕಿಟಕಿ ಮುಚ್ಚಿದಳು.